ಗರಗಸದ ಹಲ್ಲೂ ನೆರೆಯವನ ಪ್ರಾಣವೂ
(ಎಸ್ಟೇಟ್ ಕಾರ್ಮಿಕ ಕುಟುಂಬಗಳ ಅನ್ಯೋನ್ಯತಾ ಕೂಟದಲ್ಲಿ ಮಾಡಿದ ಭಾಷಣ)



ಪ್ರಾರ್ಥನೆಗೂ ಹಾಡಿಗೂ ಸೇರುವ ಈ ಕೂಟದಲ್ಲಿ ಯಂತ್ರಗರಗಸದ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಆದರೆ ನಮ್ಮ ಲೈನ್ ಮನೆಗಳ ಜಗಲಿಗಳನ್ನು ಒಮ್ಮೆ ನೋಡಿರಿ. ಗೂಡಲೂರು, ಪಂದಲೂರು, ಮೇಪ್ಪಾಡಿ, ಮಾನಂತವಾಡಿ ಕಡೆಗಳಲ್ಲಿ ಚಹಾ ತೋಟದ ಸಿಲ್ವರ್ ಓಕ್ ಕೊಂಬೆ ಸವರುವವರು ಯಾರು? ಕಾಫಿ ತೋಟದ ನೆರಳುಮರ ತೆಗೆಯುವವರು ಯಾರು? ಮಳೆಗಾಲದಲ್ಲಿ ದಾರಿಗೆ ಅಡ್ಡ ಬಿದ್ದ ನೀಲಗಿರಿ ಮರ ಕೊಯ್ದು ಬಸ್ಸಿಗೆ ದಾರಿ ಬಿಡಿಸುವವರು ಯಾರು? ನಮ್ಮ ಗಂಡಸರೇ, ನಮ್ಮ ಮಕ್ಕಳೇ. ಸಂಜೆ ಅದೇ ಗರಗಸವನ್ನು ಮನೆಗೆ ತಂದು, ಬಲ್ಬಿನ ಬೆಳಕಿನಲ್ಲಿ ಬಿಚ್ಚಿ, ಒರೆಸಿ, ಅರ ಹಾಕಿ, ಮರುದಿನದ ಕೆಲಸಕ್ಕೆ ಸಿದ್ಧ ಮಾಡುವವರೂ ಅವರೇ. ಹೀಗಿರಲಾಗಿ ಈ ಕೆಲಸವನ್ನು ದೇವರ ಮುಂದೆ ಇಟ್ಟು ಯೋಚಿಸುವುದು ಅಗತ್ಯವೆಂದು ನಾವು ತಿಳಿದೆವು.

ಸತ್ಯವೇದದಲ್ಲಿ ಕೊಡಲಿಯ ಮಾತು ಹಲವು ಕಡೆ ಬರುತ್ತದೆ. ಎಲೀಷನ ಕಾಲದಲ್ಲಿ ಯೊರ್ದನ್ ಹೊಳೆಯ ದಡದಲ್ಲಿ ಮರ ಕಡಿಯುತ್ತಿದ್ದವನ ಕೊಡಲಿ ನೀರಿಗೆ ಬಿತ್ತು. ಅದು ಎರವಲು ತಂದ ಕೊಡಲಿಯಾದುದರಿಂದಲೇ ಅವನ ದುಃಖ ದೊಡ್ಡದಾಯಿತು. ಬಾಡಿಗೆ ಗರಗಸ ಹಿಡಿದು ದುಡಿಯುವ ನಮ್ಮವರಿಗೆ ಆ ದುಃಖವನ್ನು ಯಾರೂ ವಿವರಿಸಬೇಕಾಗಿಲ್ಲ. ಮೊಂಡಾದ ಕಬ್ಬಿಣವನ್ನು ಹದ ಮಾಡದವನು ಹೆಚ್ಚು ಬಲ ಹಾಕಬೇಕಾಗುತ್ತದೆಂಬ ಅನುಭವವನ್ನು ಪ್ರಸಂಗಿಯೂ ಬರೆದಿಟ್ಟಿದ್ದಾನೆ. ಆದರೆ ನಾವು ಇಂದು ವಿಶೇಷವಾಗಿ ನೆನಪಿಸಬೇಕೆಂದಿರುವುದು ಧರ್ಮೋಪದೇಶಕಾಂಡದ ಎರಡು ಕಟ್ಟಳೆಗಳನ್ನು. ಒಂದು ಹತ್ತೊಂಬತ್ತನೆಯ ಅಧ್ಯಾಯದಲ್ಲಿದೆ: ಕಾಡಿನಲ್ಲಿ ಮರ ಕಡಿಯುವಾಗ ಕೊಡಲಿಯ ತಲೆ ಕಾವಿನಿಂದ ಕಳಚಿ ಪಕ್ಕದವನಿಗೆ ಬಡಿದು ಅವನು ಸತ್ತರೆ, ಕಡಿಯುತ್ತಿದ್ದವನು ಆಶ್ರಯದ ಪಟ್ಟಣಕ್ಕೆ ಓಡಿಹೋಗಿ ಬದುಕಬಹುದು. ಇನ್ನೊಂದು ಇಪ್ಪತ್ತೆರಡನೆಯ ಅಧ್ಯಾಯದಲ್ಲಿದೆ: ಮನೆ ಕಟ್ಟುವವನು ಮಾಳಿಗೆಯ ಸುತ್ತ ಕೈಪಿಡಿ ಗೋಡೆ ಕಟ್ಟಬೇಕು, ಕಟ್ಟದೆ ಯಾರಾದರೂ ಬಿದ್ದರೆ ಆ ರಕ್ತದ ಹೊಣೆ ಮನೆಯ ಮೇಲೆ ಬರುತ್ತದೆ.

ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಿ. ಅರಿಯದೆ ಆದದ್ದಕ್ಕೆ ದೇವರು ಆಶ್ರಯ ಇಟ್ಟಿದ್ದಾನೆ. ಅರಿತೂ ಮಾಡದೆ ಬಿಟ್ಟದ್ದಕ್ಕೆ ಹೊಣೆ ಇಟ್ಟಿದ್ದಾನೆ. ಗರಗಸ ರಿಪೇರಿ ಮಾಡುವವನು ಈ ಎರಡು ಕಟ್ಟಳೆಗಳ ನಡುವೆ ಕುಳಿತಿದ್ದಾನೆ. ಅವನ ಕೈಯಿಂದ ಹೊರಟ ಯಂತ್ರವನ್ನು ನಾಳೆ ಇನ್ನೊಬ್ಬ ಸಹೋದರ ಹಿಡಿಯುತ್ತಾನೆ. ಯಂತ್ರದಲ್ಲಿ ಏನು ಕೊರತೆಯಿದೆಯೆಂದು ಹಿಡಿದವನಿಗೆ ಗೊತ್ತಿರುವುದಿಲ್ಲ, ಬಿಚ್ಚಿ ನೋಡಿದವನಿಗೆ ಗೊತ್ತಿರುತ್ತದೆ.

ಈ ಯಂತ್ರದ ಹುಟ್ಟಿನ ಕಥೆಯಲ್ಲಿಯೂ ನಮಗೆ ಪಾಠವಿದೆ. ಜರ್ಮನಿಯ ಆಂದ್ರೆಯಾಸ್ ಸ್ಟೀಲ್ ಎಂಬಾತನು 1926ರಲ್ಲಿ ವಿದ್ಯುತ್ತಿನಿಂದ ಓಡುವ ಸರಪಳಿ ಗರಗಸವನ್ನೂ 1929ರಲ್ಲಿ ಪೆಟ್ರೋಲಿನಿಂದ ಓಡುವುದನ್ನೂ ಮಾಡಿದನು. ಅವು ಇಬ್ಬರು ಆಳು ಹಿಡಿಯಬೇಕಾದ ಭಾರದ ಯಂತ್ರಗಳು. ಸರಪಳಿಯ ಹಲ್ಲೂ ಕೈಗರಗಸದ ಹಲ್ಲಿನಂತೆ ಮರವನ್ನು ಗೀರುತ್ತಿತ್ತು, ಬೇಗ ಮೊಂಡಾಗುತ್ತಿತ್ತು. 1946ರಲ್ಲಿ ಅಮೆರಿಕದ ಒರೆಗಾನ್ ಸೀಮೆಯಲ್ಲಿ ಜೋಸೆಫ್ ಬ್ಯೂಫರ್ಡ್ ಕಾಕ್ಸ್ ಎಂಬ ಮರಕಡಿಯುವವನು ಸೌದೆ ಸೀಳುವಾಗ ಮರದೊಳಗಿನ ಹುಳುವೊಂದನ್ನು ನೋಡಿದನು. ಆ ಹುಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ದವಡೆ ಆಡಿಸುತ್ತ ಗಟ್ಟಿ ಮರವನ್ನು ಸಲೀಸಾಗಿ ತಿಂದು ಹೋಗುತ್ತಿತ್ತು. ಅದರ ದವಡೆಯ ಆಕಾರವನ್ನೇ ಉಕ್ಕಿನಲ್ಲಿ ಮೂಡಿಸಿ, ಒಂದು ಹಲ್ಲು ಎಡಕ್ಕೆ ಒಂದು ಹಲ್ಲು ಬಲಕ್ಕೆ ಜೋಡಿಸಿದ ಸರಪಳಿಯನ್ನು ಅವನು ಪೋರ್ಟ್‌ಲೆಂಡಿನ ತನ್ನ ಮನೆಯ ನೆಲಮಾಳಿಗೆಯಲ್ಲಿ ಮಾಡಿ 1947ರಲ್ಲಿ ಮಾರಾಟಕ್ಕೆ ತಂದನು. ಇಂದು ನಮ್ಮ ತೋಟಗಳಲ್ಲಿ ಓಡುವ ಸರಪಳಿಗಳೂ ಅದೇ ಜಾತಿಯವು. ದೇವರ ಸೃಷ್ಟಿಯ ಒಂದು ಹುಳುವಿನಿಂದ ಮನುಷ್ಯನು ಕಲಿತನು, ಮನೆಯ ಕಾರ್ಯಾಗಾರದಲ್ಲಿ ಕುಳಿತು ಕಲಿತನು. ಆದುದರಿಂದ ಜಗಲಿಯ ಮೇಲಿನ ರಿಪೇರಿ ಕೆಲಸವನ್ನು ಯಾರೂ ಹಗುರಾಗಿ ಎಣಿಸಬಾರದು.

ಇನ್ನು ಕೆಲಸದ ಮಾತಿಗೆ ಬರೋಣ. ಮೊದಲು ಸ್ಥಳ. ಲೈನ್ ಮನೆಯಲ್ಲಿ ಅಡಿಗೆಯೂ ಮಲಗುವುದೂ ಒಂದೇ ಸೂರಿನಡಿ. ಅಲ್ಲಿ ಪೆಟ್ರೋಲ್ ಇರಬಾರದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲ ಹಿಡಿದು ಹರಿದು ಒಲೆಯ ಕಿಡಿಯನ್ನು ಹುಡುಕಿಕೊಂಡು ಹೋಗುತ್ತದೆ. ಗರಗಸ ಬಿಚ್ಚುವುದಾದರೆ ಹೊರಗಿನ ಜಗಲಿಯಲ್ಲಿ ಇಲ್ಲವೆ ಮಾಡಿನ ಕೆಳಗೆ, ಒಲೆಯಿಂದಲೂ ದೀಪದಿಂದಲೂ ದೂರ ಬಿಚ್ಚಿರಿ. ಬೀಡಿ ಹಚ್ಚಿಕೊಂಡು ಈ ಕೆಲಸಕ್ಕೆ ಕೂಡ್ರಬೇಡಿರಿ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಿ ನೋಡಬೇಡಿರಿ, ಆ ಹೊಗೆಯಲ್ಲಿರುವ ವಿಷವಾಯುವಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಾಯಂದಿರಿಗೆ ಒಂದು ಮಾತು: ಶರಬತ್ತಿನ ಬಾಟಲಿಯಲ್ಲಿ ಪೆಟ್ರೋಲ್ ತುಂಬಿಡಲು ಯಾರನ್ನೂ ಬಿಡಬೇಡಿರಿ. ಮಗು ತಿಳಿಯದೆ ಕುಡಿದರೆ ವಾಂತಿ ಮಾಡಿಸಬಾರದು. ವಾಂತಿಯ ದಾರಿಯಲ್ಲಿ ಅದು ಶ್ವಾಸಕೋಶಕ್ಕೆ ಹೋಗಿ ಹೆಚ್ಚು ಕೇಡು ಮಾಡುತ್ತದೆ. ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಎರಡನೆಯದು ಇಂಧನ. ಈ ಎಂಜಿನಿಗೆ ಬೇರೆ ಆಯಿಲ್ ಟ್ಯಾಂಕಿನಿಂದ ಎಣ್ಣೆ ಬರುವುದಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಟೂ ಸ್ಟ್ರೋಕ್ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗಿಗೂ ಅನ್ನ. ಒಳ್ಳೆಯ ಎಣ್ಣೆಯಾದರೆ ಸಾಮಾನ್ಯವಾಗಿ 50 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ, ಅಂದರೆ 1 ಲೀಟರಿಗೆ 20 ಮಿಲಿಲೀಟರ್, 5 ಲೀಟರಿಗೆ 100 ಮಿಲಿಲೀಟರ್. ಕೆಲವು ಯಂತ್ರಗಳಿಗೆ 25ಕ್ಕೆ 1 ಬೇಕಾಗುತ್ತದೆ. ಆಗ 1 ಲೀಟರಿಗೆ 40 ಮಿಲಿಲೀಟರ್. ಯಂತ್ರದ ಪುಸ್ತಕದಲ್ಲಿಯೂ ಎಣ್ಣೆಯ ಡಬ್ಬಿಯ ಮೇಲೆಯೂ ಬರೆದದ್ದನ್ನು ನೋಡಿಕೊಂಡು ಅಳತೆ ಮಾಡಿರಿ. ಕಣ್ಣಂದಾಜು ಬೇಡ. ಸೂಜಿ ತೆಗೆದ 10 ಮಿಲಿಲೀಟರಿನ ಸಿರಿಂಜಿನಿಂದ ಎರಡು ಸಲ ಎಳೆದರೆ 20 ಆಯಿತು. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಗೀರಿ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ಗೂ ಸೈಲೆನ್ಸರೂ ಮಸಿ ಕಟ್ಟುತ್ತವೆ.

ಈಗ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರಕೆಯಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಗುಡ್ಡಗಾಡಿನ ಮಳೆಗಾಲದಲ್ಲಿ ತೇವಕ್ಕೇನು ಬರ? ಆದುದರಿಂದ ಬೆರೆಸಿದ ಪೆಟ್ರೋಲನ್ನು ತಿಂಗಳುಗಟ್ಟಲೆ ಇಡದೆ ಬೇಕಾದಷ್ಟೇ ಬೆರೆಸಿರಿ. ಕೆಲವು ವಾರ ಕೆಲಸವಿಲ್ಲದಿದ್ದರೆ ಟ್ಯಾಂಕು ಬರಿದು ಮಾಡಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ ಕಾರ್ಬೊರೇಟರನ್ನು ಒಣಗಿಸಿ ಇಡಿರಿ. ಹಳೆಯ ಗರಗಸಗಳ ರಬ್ಬರ್ ನಳಿಗೆಯನ್ನೂ ಕಾರ್ಬೊರೇಟರಿನೊಳಗಿನ ತೆಳು ಪೊರೆಯನ್ನೂ ಆಗಾಗ್ಗೆ ನೋಡಬೇಕು. ಅವು ಗಡುಸಾದರೆ ಇಲ್ಲವೆ ಉಬ್ಬಿದರೆ ಬದಲಿಸಬೇಕು.

ಮೂರನೆಯದು ಸರಪಳಿ. ಗರಗಸದ ಹೊಟ್ಟು ನೋಡಿ ಹಲ್ಲಿನ ಹದ ಹೇಳಬಹುದು. ಚೂರುಚೂರಾದ ಚಕ್ಕೆ ಬಿದ್ದರೆ ಹಲ್ಲು ಹರಿತವಾಗಿದೆ. ಹಿಟ್ಟಿನಂಥ ಪುಡಿ ಬಿದ್ದರೆ, ಒತ್ತಿ ಹಿಡಿಯಬೇಕಾದರೆ, ಮರದಿಂದ ಹೊಗೆ ಬಂದರೆ ಹಲ್ಲು ಮೊಂಡು. ಕೊಯ್ತ ಒಂದು ಕಡೆಗೆ ವಾಲಿದರೆ ಒಂದು ಬದಿಯ ಹಲ್ಲು ಇನ್ನೊಂದಕ್ಕಿಂತ ಗಿಡ್ಡವಾಗಿದೆ ಅಥವಾ ಮೊಂಡಾಗಿದೆ ಎಂದು ತಿಳಿಯಿರಿ. ಮೊಂಡು ಗರಗಸವನ್ನು ತೋಳಿನ ಬಲದಿಂದ ಒತ್ತುವವನು ಸಂಜೆಗೆ ದಣಿಯುತ್ತಾನೆ. ದಣಿದವನ ಕಾಲು ಜಾರುತ್ತದೆ.

ಅರ ಹಾಕಲು ಗುಂಡಗಿನ ಅರ ಬೇಕು, ಅದೂ ಸರಪಳಿಯ ಅಳತೆಗೆ ತಕ್ಕದ್ದು. ಸಣ್ಣ ಗರಗಸಗಳ ಮುಕ್ಕಾಲು ಅರ್ಧ ಅಂಗುಲದ, ಅಂದರೆ 3/8 ಅಂಗುಲದ, ತಗ್ಗು ಜಾತಿಯ ಸರಪಳಿಗೆ 4 ಮಿಲಿಮೀಟರಿನ ಅರ; 0.325 ಅಂಗುಲದ್ದಕ್ಕೆ 4.8 ಮಿಲಿಮೀಟರ್; ದೊಡ್ಡ ಜಾತಿಯ 3/8ಕ್ಕೆ 5.2 ಇಲ್ಲವೆ 5.5 ಮಿಲಿಮೀಟರ್. ಅಳತೆ ಮರೆತಿದ್ದರೆ ಒಂದರ ಪಕ್ಕ ಒಂದರಂತೆ ಮೂರು ರಿವೆಟುಗಳ ನಡುವಿನ ದೂರವನ್ನು ಅಳೆದು ಎರಡರಿಂದ ಭಾಗಿಸಿರಿ. ಬಾರನ್ನು ಇಕ್ಕಳದಲ್ಲಿ ಗಟ್ಟಿಯಾಗಿ ಕಟ್ಟಿ, ಕೈಗವಸು ಹಾಕಿ, ಹಲ್ಲಿನ ಒಳಗಿನಿಂದ ಹೊರಕ್ಕೆ ಮಾತ್ರ ಅರ ತಳ್ಳಿರಿ. ಹಿಂದಕ್ಕೆ ಬರುವಾಗ ಎತ್ತಿರಿ. ಹಲ್ಲಿನ ತಲೆಯ ಮೇಲೆ ಗುರುತು ಮಾಡಿರುವ ಕೋನವನ್ನು ಅನುಸರಿಸಿರಿ, ಸಾಮಾನ್ಯವಾಗಿ ಅದು 30 ಡಿಗ್ರಿ. ಅರದ ಐದರಲ್ಲಿ ಒಂದು ಪಾಲು ಹಲ್ಲಿನ ತಲೆಗಿಂತ ಮೇಲಿರಲಿ. ಅತ್ಯಂತ ಗಿಡ್ಡ ಹಲ್ಲು ಯಾವುದೆಂದು ನೋಡಿ ಉಳಿದ ಎಲ್ಲವನ್ನೂ ಅದರ ಅಳತೆಗೆ ತನ್ನಿರಿ. ಒಂದು ಬದಿಯ ಹಲ್ಲುಗಳನ್ನು ಮುಗಿಸಿ ಮತ್ತೊಂದು ಬದಿಗೆ ಹೋಗಿರಿ, ಎಣಿಸಿದಷ್ಟೇ ಸಲ ತಳ್ಳಿರಿ.

ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಗೂಟವಿದೆ. ಹಲ್ಲು ಎಷ್ಟು ಆಳ ಕಚ್ಚಬೇಕೆಂದು ಹೇಳುವುದು ಅದೇ. ಹಲ್ಲಿಗಿಂತ ಅದು ಸುಮಾರು 0.65 ಮಿಲಿಮೀಟರ್ ತಗ್ಗಿನಲ್ಲಿರಬೇಕು. ಮೂರು ನಾಲ್ಕು ಸಲ ಅರ ಹಾಕಿದ ಮೇಲೆ ಅಳತೆಪಟ್ಟಿ ಇಟ್ಟು ಚಪ್ಪಟೆ ಅರದಿಂದ ಇದನ್ನು ತಗ್ಗಿಸಬೇಕು. ಬೇಗ ಕೊಯ್ಯಲಿ ಎಂದು ಈ ಗೂಟವನ್ನು ಅತಿಯಾಗಿ ಅರೆದುಬಿಡುವ ಪದ್ಧತಿ ಕೆಲವು ಕಡೆ ಇದೆ. ಅದು ಆಸೆಯ ಕೆಲಸ. ಹಾಗೆ ಮಾಡಿದ ಸರಪಳಿ ಮರವನ್ನು ಕೊಯ್ಯದೆ ಕಚ್ಚಿ ಎಳೆಯುತ್ತದೆ, ಗರಗಸ ಮುಖಕ್ಕೆ ಒದೆಯುತ್ತದೆ. ಹಲ್ಲು 4 ಮಿಲಿಮೀಟರಿಗಿಂತ ಗಿಡ್ಡವಾದರೆ, ಇಲ್ಲವೆ ಎಲ್ಲಾದರೂ ಬಿರುಕು ಕಂಡರೆ ಆ ಸರಪಳಿಯ ಆಯುಷ್ಯ ಮುಗಿಯಿತು. ಪೂರ್ಣ ವೇಗದಲ್ಲಿ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ತುಂಡಾದ ಕೊಂಡಿ ಎಲ್ಲಿಗೆ ಹಾರುವುದೆಂದು ಹೇಳುವವರಿಲ್ಲ.

ಬಾರಿನ ಕಾಳಜಿ ಸುಲಭ, ಆದರೆ ಮರೆಯುವವರು ಬಹಳ. ಸರಪಳಿ ತೆಗೆದಾಗಲೆಲ್ಲ ಗಾಲುವೆಯ ಹೊಟ್ಟನ್ನು ಕೆರೆದು ತೆಗೆಯಿರಿ, ಎಣ್ಣೆಯ ತೂತನ್ನು ತೆರೆಯಿರಿ, ಬಾರನ್ನು ಮೇಲು ಕೆಳಗು ಮಾಡಿ ಹಾಕಿರಿ. ಆಗ ಎರಡು ಅಂಚೂ ಸಮವಾಗಿ ಸವೆಯುತ್ತವೆ. ಅಂಚಿನಲ್ಲಿ ಎದ್ದ ಮುಳ್ಳುಗಳನ್ನು ಚಪ್ಪಟೆ ಅರದಿಂದ ತೆಗೆಯಿರಿ. ಸರಪಳಿಯನ್ನು ತಿರುಗಿಸುವ ಹಲ್ಲುಗಾಲಿಯಲ್ಲಿ ಅರ್ಧ ಮಿಲಿಮೀಟರ್ ಆಳ ಸವೆದ ಗುರುತು ಬಿದ್ದರೆ ಅದನ್ನು ಬದಲಿಸಬೇಕು. ಇಲ್ಲವಾದರೆ ಹೊಸ ಸರಪಳಿಯೂ ಬೇಗ ಹಾಳಾಗುತ್ತದೆ. ಎಣ್ಣೆ ಬರುತ್ತಿದೆಯೋ ಎಂದು ನೋಡಲು ಬಾರಿನ ಮೂಗನ್ನು ಒಂದು ಬಿಳಿ ಕಾಗದದ ಕಡೆಗೆ ತೋರಿಸಿ ಓಡಿಸಿರಿ. ಕಾಗದದ ಮೇಲೆ ಎಣ್ಣೆಯ ಗೆರೆ ಬೀಳಬೇಕು. ಲಾರಿ ಗ್ಯಾರೇಜಿನ ಸುಟ್ಟ ಎಣ್ಣೆ ಪುಕ್ಕಟೆ ಸಿಗುತ್ತದೆಂದು ತುಂಬಬೇಡಿರಿ. ಅದರಲ್ಲಿ ಲೋಹದ ಪುಡಿಯಿದೆ, ಅದು ಪಂಪನ್ನು ತಿನ್ನುತ್ತದೆ. ಚರ್ಮಕ್ಕೆ ನಿತ್ಯ ತಗಲಿದರೆ ಅರ್ಬುದಕ್ಕೂ ಕಾರಣವಾಗಬಲ್ಲದು. ಪುಕ್ಕಟೆ ಎಣ್ಣೆಗೆ ನಾವು ಕೊಡುವ ಬೆಲೆ ಅದು.

ಸರಪಳಿಯ ಬಿಗಿ ತಣ್ಣಗಿರುವಾಗ ನೋಡಬೇಕು. ಬಾರಿನ ಕೆಳಗೆ ಜೋಲಬಾರದು, ಆದರೂ ಕೈಯಿಂದ ಎಳೆದರೆ ಸರಾಗವಾಗಿ ಸರಿಯಬೇಕು. ಕೆಲಸದಲ್ಲಿ ಬಿಸಿಯಾಗಿ ಸಡಿಲಾದ ಸರಪಳಿಯನ್ನು ಬಿಗಿ ಮಾಡಿದ್ದರೆ ಕೆಲಸ ಮುಗಿದ ಕೂಡಲೆ ಮತ್ತೆ ಸಡಿಲಿಸಿರಿ; ತಣ್ಣಗಾದಾಗ ಅದು ಕುಗ್ಗಿ ಒಳಗಿನ ಬೇರಿಂಗುಗಳ ಮೇಲೆ ಭಾರ ಹಾಕುತ್ತದೆ.

ನಾಲ್ಕನೆಯದು ಎಂಜಿನ್ ಹೊತ್ತದಿದ್ದಾಗ ಏನು ಮಾಡುವುದು ಎಂಬುದು. ಹುಡುಗರು ಮೊದಲೇ ಕಾರ್ಬೊರೇಟರ್ ಬಿಚ್ಚುತ್ತಾರೆ. ಅದು ಕೊನೆಯ ಕೆಲಸ. ಎಂಜಿನಿಗೆ ನಾಲ್ಕು ಬೇಕು: ಇಂಧನ, ಕಿಡಿ, ಗಾಳಿ, ಒತ್ತಡ. ಈ ನಾಲ್ಕನ್ನು ಒಂದೊಂದಾಗಿ ಕೇಳುತ್ತ ಹೋಗಿರಿ. ಟ್ಯಾಂಕಿನೊಳಗೆ ನಳಿಗೆಯ ತುದಿಯಲ್ಲಿ ಸಣ್ಣ ಸೋಸುವ ತುಂಡು ಇದೆ. ಕೊಕ್ಕೆ ಮಾಡಿದ ತಂತಿಯಿಂದ ಅದನ್ನು ಹೊರಗೆಳೆದು ನೋಡಿರಿ, ಕೊಳಕಾಗಿದ್ದರೆ ಬದಲಿಸಿರಿ. ಕೆಲವು ನಿಮಿಷ ಓಡಿ ನಿಂತುಹೋಗಿ, ಮುಚ್ಚಳ ಸಡಿಲಿಸಿದ ಮೇಲೆ ಮತ್ತೆ ಓಡಿದರೆ ಟ್ಯಾಂಕಿನ ಉಸಿರುದಾರಿ ಕಟ್ಟಿದೆ. ಪ್ಲಗ್ ತೆಗೆದು ಬಣ್ಣ ನೋಡಿರಿ: ಕಂದು ಬಣ್ಣ ಒಳ್ಳೆಯದು, ಕಪ್ಪು ಮಸಿ ಇದ್ದರೆ ಇಂಧನ ಹೆಚ್ಚು, ಇಲ್ಲವೆ ಗಾಳಿ ಸೋಸುವ ಜಾಲರಿ ಕಟ್ಟಿದೆ, ಬೂದಿಯಂತೆ ಬಿಳಿಚಿದ್ದರೆ ಇಂಧನ ಕಡಿಮೆ, ಎಂಜಿನ್ ಸುಡುತ್ತಿದೆ. ಪ್ಲಗ್ಗಿನ ಎರಡು ತುದಿಗಳ ನಡುವೆ 0.5 ಮಿಲಿಮೀಟರ್ ಬಿಡುವಿರಲಿ. ಕಿಡಿ ನೋಡುವಾಗ ಪ್ಲಗ್ಗನ್ನು ಅದರ ತೂತಿನಿಂದ ದೂರ ಲೋಹಕ್ಕೆ ತಾಗಿಸಿ ಹಿಡಿಯಿರಿ. ತೂತಿನಿಂದ ಬರುವ ಆವಿಗೆ ಕಿಡಿ ತಾಗಿದರೆ ಮುಖ ಸುಡುತ್ತದೆ. ಜಾಲರಿಯನ್ನು ಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿರಿ.

ಒತ್ತಡ ನೋಡಲು ಉಪಕರಣವಿಲ್ಲದಿದ್ದರೆ ಒಂದು ಹಳೆಯ ಉಪಾಯವಿದೆ. ಸ್ವಿಚ್ ಆರಿಸಿ, ಗರಗಸವನ್ನು ಎಳೆಯುವ ಹಗ್ಗದ ಹಿಡಿಯಿಂದಲೇ ನೆಲಕ್ಕೆ ಸ್ವಲ್ಪ ಮೇಲೆ ತೂಗಬಿಡಿರಿ. ತಡೆತಡೆದು ನಿಧಾನವಾಗಿ ಇಳಿದರೆ ಒತ್ತಡವಿದೆ. ಸರ್ರನೆ ಇಳಿದುಹೋದರೆ ಪಿಸ್ಟನ್ ರಿಂಗು ಸವೆದಿದೆ, ಇಲ್ಲವೆ ಸಿಲಿಂಡರ್ ಗೀರಿದೆ. ಸೈಲೆನ್ಸರ್ ಬಿಚ್ಚಿದರೆ ಆ ತೂತಿನಿಂದಲೇ ಪಿಸ್ಟನ್ನಿನ ಮೈ ಕಾಣುತ್ತದೆ. ಉದ್ದ ಗೀರುಗಳಿದ್ದರೆ ಎಣ್ಣೆ ಕಡಿಮೆಯಾದ ಕಥೆ ಅಲ್ಲಿ ಬರೆದಿರುತ್ತದೆ. ಇವೆಲ್ಲ ಸರಿಯಿದ್ದ ಮೇಲೆಯೇ ಕಾರ್ಬೊರೇಟರಿಗೆ ಕೈ ಹಾಕಿರಿ. ಎಚ್ ಎಂಬ ಸ್ಕ್ರೂವನ್ನು ಬಿಗಿ ಮಾಡಿದರೆ ಶಬ್ದ ಏರುತ್ತದೆ, ಶಕ್ತಿ ಬಂದಂತೆ ತೋರುತ್ತದೆ. ಆದರೆ ಇಂಧನದೊಡನೆ ಎಣ್ಣೆಯೂ ಕಡಿಮೆಯಾಗಿ ಎಂಜಿನ್ ಸಾಯುತ್ತದೆ. ಆ ಕೀಚಲು ಶಬ್ದಕ್ಕೆ ಮರುಳಾಗಬೇಡಿರಿ.

ಕ್ಲಚ್ ಬಿಚ್ಚುವವರು ಎರಡು ವಿಷಯ ನೆನಪಿಡಬೇಕು. ಸಾಮಾನ್ಯವಾಗಿ ಅದರ ಮರೆ ತಿರುಗುಮುರುಗು. ಗಡಿಯಾರದ ಮುಳ್ಳು ತಿರುಗುವ ಕಡೆಗೆ ತಿರುಗಿಸಿದರೆ ಬಿಚ್ಚುತ್ತದೆ. ಪಿಸ್ಟನ್ ತಿರುಗದಂತೆ ತಡೆಯಲು ಸುತ್ತಿಗೆ, ಉಳಿ ಬೇಡ. ಪ್ಲಗ್ಗಿನ ತೂತಿನೊಳಗೆ ಗಂಟಿಲ್ಲದ ಮೆತ್ತನೆ ಹಗ್ಗವನ್ನು ತುಂಬಿ, ಒಂದು ತುದಿ ಹೊರಗೆ ಬಿಟ್ಟು ತಿರುಗಿಸಿದರೆ ಪಿಸ್ಟನ್ ಹಗ್ಗಕ್ಕೆ ಒರಗಿ ನಿಲ್ಲುತ್ತದೆ. ಎಳೆಯುವ ಹಗ್ಗದ ಪೆಟ್ಟಿಗೆಯೊಳಗೆ ಸುತ್ತಿದ ಉಕ್ಕಿನ ಪಟ್ಟಿಯಿದೆ. ಅದು ಹಾರಿದರೆ ಕಣ್ಣಿಗೆ ಅಪಾಯ. ಕನ್ನಡಕ ಹಾಕದೆ ಆ ಪೆಟ್ಟಿಗೆ ತೆರೆಯಬೇಡಿರಿ.

ಈಗ ನಾವು ಈ ಭಾಷಣದ ಹೃದಯಕ್ಕೆ ಬಂದೆವು. ಮೇಲೆ ಹೇಳಿದ್ದೆಲ್ಲ ಗರಗಸ ಓಡುವುದಕ್ಕೆ. ಗರಗಸದಲ್ಲಿ ಇನ್ನು ಕೆಲವು ಭಾಗಗಳಿವೆ. ಅವಿಲ್ಲದೆಯೂ ಗರಗಸ ಓಡುತ್ತದೆ. ಮುಂದಿನ ಕೈಗಾಪಿನ ಸರಪಳಿ ಬ್ರೇಕು, ತುಂಡಾದ ಸರಪಳಿಯನ್ನು ಹಿಡಿಯುವ ಕೊಕ್ಕೆ, ಎಕ್ಸಲೇಟರ್ ತಾನಾಗಿ ಒತ್ತಿಕೊಳ್ಳದಂತೆ ತಡೆಯುವ ಬೀಗ, ನಡುಕ ತಗ್ಗಿಸುವ ರಬ್ಬರುಗಳು, ನಿಲ್ಲಿಸುವ ಸ್ವಿಚ್ಚು. ಬಾರಿನ ಮೂಗಿನ ಮೇಲ್ಭಾಗ ಮರಕ್ಕೋ ಅಡಗಿದ ಕೊಂಬೆಗೋ ತಾಗಿದರೆ ಗರಗಸ ಕಣ್ಣುಮುಚ್ಚಿ ತೆರೆಯುವುದರೊಳಗೆ ಹಿಡಿದವನ ಮುಖ, ಕುತ್ತಿಗೆಯ ಕಡೆಗೆ ಎದ್ದು ಬರುತ್ತದೆ. ಆಗ ಮನುಷ್ಯನ ಬುದ್ಧಿಗೆ ಸಮಯವಿಲ್ಲ, ಬ್ರೇಕಿಗೆ ಮಾತ್ರ ಇದೆ.

ಬ್ರೇಕು ಹಾಳಾದರೆ ಬಿಡಿಭಾಗ ತರಿಸಬೇಕು, ದಿನ ಹೋಗುತ್ತದೆ, ಕೆಲಸ ನಿಲ್ಲುತ್ತದೆ. ಆಗ ಗುತ್ತಿಗೆದಾರನು ಬ್ರೇಕಿನ ಪಟ್ಟಿ ಬಿಚ್ಚಿ ಬಿಸಾಡು, ಗರಗಸ ಓಡಿದರೆ ಸಾಕು ಎನ್ನುತ್ತಾನೆ. ರಿಪೇರಿ ಮಾಡುವವನು ನಮ್ಮವನೇ, ಅವನಿಗೂ ಸಂಜೆಯ ಅಕ್ಕಿಯ ಚಿಂತೆ. ನೀನು ಮಾಡದಿದ್ದರೆ ಬೇರೆಯವನು ಮಾಡುತ್ತಾನೆ ಎಂಬ ಮಾತೂ ಬರುತ್ತದೆ. ಪ್ರಿಯರೇ, ಇಲ್ಲಿಯೇ ಮಾಳಿಗೆಯ ಕೈಪಿಡಿ ಗೋಡೆಯ ಕಟ್ಟಳೆ ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತದೆ. ಬ್ರೇಕು ತೆಗೆದ ಗರಗಸವನ್ನು ಕೈಗೆ ಕೊಡುವವನು ಅರಿತೇ ಕೊಡುತ್ತಾನೆ. ಅವನು ಓಡಿಹೋಗಲು ಆಶ್ರಯದ ಪಟ್ಟಣವಿಲ್ಲ.

ಇದರಲ್ಲಿ ಹೊಟ್ಟೆಯ ಮಾತೂ ಇದೆ. ಕೆಲಸದಲ್ಲಿ ಆದ ಗಾಯಕ್ಕೆ ಪರಿಹಾರ ಕೊಡಬೇಕೆಂಬ ಕಾಯ್ದೆ ನಮ್ಮ ದೇಶದಲ್ಲಿ 1923ರಿಂದ ಇದೆ. ಆ ಹಕ್ಕನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಸೇರಿಸಿದ್ದಾರೆ. ಗುತ್ತಿಗೆದಾರನ ಕೈಕೆಳಗೆ ದುಡಿದವನು ತನ್ನ ಕೆಲಸ ಮಾಡಿಸಿಕೊಂಡ ಮುಖ್ಯ ಮಾಲೀಕನಿಂದಲೂ ಪರಿಹಾರ ಕೇಳಬಹುದು. ಆದರೆ ಅದೇ ಕಾಯ್ದೆಯಲ್ಲಿ ಒಂದು ಬಾಗಿಲು ಮುಚ್ಚಿದೆ. ಒದಗಿಸಿದ ಸುರಕ್ಷಾ ಸಾಧನವನ್ನು ಕಾರ್ಮಿಕನೇ ಬೇಕೆಂದು ತೆಗೆದುಹಾಕಿದ್ದರೆ, ಇಲ್ಲವೆ ಅವನು ಕುಡಿದಿದ್ದರೆ, ಮರಣವೋ ಪೂರ್ಣ ಶಾಶ್ವತ ಅಂಗವಿಕಲತೆಯೋ ಆಗದ ಗಾಯಕ್ಕೆ ಪರಿಹಾರ ತಪ್ಪಿಹೋಗಬಹುದು. ಬೆರಳು ಹೋದವನು, ಮಂಡಿ ಸೀಳಿಕೊಂಡವನು, ಅರ್ಧ ಜೀವನ ಕುಂಟುವವನು ಈ ಬಾಗಿಲ ಮುಂದೆ ನಿಂತಾಗ ಬ್ರೇಕು ಬಿಚ್ಚು ಎಂದವನು ಸಾಕ್ಷಿಗೆ ಬರುವುದಿಲ್ಲ. ಆದುದರಿಂದ ಹಾಳಾದ ಬ್ರೇಕಿನ ವಿಷಯವನ್ನು ದಿನಾಂಕ ಹಾಕಿ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿರಿ; ಗರಗಸ ಮರಳಿ ಕೊಡುವಾಗ ಇಬ್ಬರ ಮುಂದೆ ಹೇಳಿರಿ. ಗಾಯವಾದರೆ ತಡಮಾಡದೆ ಬರವಣಿಗೆಯಲ್ಲಿ ತಿಳಿಸಿರಿ, ಆಸ್ಪತ್ರೆಯ ಚೀಟಿಯನ್ನು ಕಾಪಾಡಿರಿ. ಓದು ಬಾರದವರಿಗೆ ನಮ್ಮ ಯುವಕರು ಬರೆದುಕೊಡಲಿ, ಅದೂ ಸೇವೆಯೇ.

ಬ್ರೇಕನ್ನು ಪರೀಕ್ಷಿಸುವುದು ಕಷ್ಟವಲ್ಲ. ಪ್ರತಿ ಬೆಳಿಗ್ಗೆ, ಪೆಟ್ರೋಲ್ ತುಂಬಿದ ಸ್ಥಳದಿಂದ 3 ಮೀಟರಾದರೂ ದೂರ ಹೋಗಿ, ಗರಗಸವನ್ನು ನೆಲದ ಮೇಲಿಟ್ಟು ಕಾಲಿನಿಂದ ಒತ್ತಿ ಹಿಡಿದು ಹೊತ್ತಿಸಿರಿ. ಕೈಯಲ್ಲಿ ತೂಗುತ್ತ ಹಗ್ಗ ಎಳೆಯಬೇಡಿರಿ. ಹೊತ್ತಿದ ಮೇಲೆ ಎರಡು ಕೈಯಿಂದ ಗಟ್ಟಿಯಾಗಿ ಹಿಡಿದು, ಬ್ರೇಕು ಹಾಕಿ, ಮೂರು ಸೆಕೆಂಡಿಗೆ ಮೀರದಂತೆ ಎಕ್ಸಲೇಟರ್ ಒತ್ತಿರಿ. ಸರಪಳಿ ಅಲುಗಬಾರದು. ಬ್ರೇಕು ಬಿಟ್ಟು ಎಂಜಿನ್ನನ್ನು ನಿಧಾನದಲ್ಲಿ ಓಡಲು ಬಿಟ್ಟಾಗಲೂ ಸರಪಳಿ ತಿರುಗಬಾರದು. ತಿರುಗಿದರೆ ವೇಗದ ಸ್ಕ್ರೂವನ್ನು ತಗ್ಗಿಸಿರಿ, ಆದರೂ ನಿಲ್ಲದಿದ್ದರೆ ಕ್ಲಚ್ಚಿನ ಸ್ಪ್ರಿಂಗು ನೋಡಿರಿ. ಸ್ವಿಚ್ ಒತ್ತಿದ ಕೂಡಲೆ ಎಂಜಿನ್ ನಿಲ್ಲಬೇಕು. ಇದಕ್ಕೆ ಒಂದೆರಡು ನಿಮಿಷ ಸಾಕು. ಬೆಳಗಿನ ಪ್ರಾರ್ಥನೆಯ ಜೊತೆಗೇ ಇದೂ ನಿಯಮವಾಗಲಿ.

ಮೈಯ ಮಾತನ್ನೂ ಹೇಳಲೇಬೇಕು. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಎಂಬವರು ಇಂಡಿಯಾನಾ ಸೀಮೆಯ ಬೆಡ್‌ಫರ್ಡಿನಲ್ಲಿ ಕಲ್ಲು ಕೆತ್ತುವವರ ಕೈಗಳನ್ನು ಪರೀಕ್ಷಿಸಿದರು. ನಡುಗುವ ಯಂತ್ರ ಹಿಡಿದವರ ಬೆರಳುಗಳು ಚಳಿಯಲ್ಲಿ ಸತ್ತಂತೆ ಬೆಳ್ಳಗಾಗುತ್ತಿದ್ದವು. ಗರಗಸ ಹಿಡಿಯುವವರಿಗೂ ಇದೇ ಬೇನೆ ಬರುತ್ತದೆ. ನೀಲಗಿರಿಯ ಮುಂಜಾವಿನ ಚಳಿಯಲ್ಲಿ ಯಾರಿಗಾದರೂ ಬೆರಳ ತುದಿ ಬಿಳಿಚಿ ಜೋಮು ಹಿಡಿದರೆ ಚಳಿಯೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಿ, ಯಾವ ಕೆಲಸ ಮಾಡುತ್ತೀರೆಂದೂ ಹೇಳಿರಿ. ರಬ್ಬರು ಹರಿದ ಹಿಡಿಯೂ ಮೊಂಡು ಸರಪಳಿಯೂ ನಡುಕವನ್ನು ಹೆಚ್ಚಿಸುತ್ತವೆ. ಆದುದರಿಂದ ಒಳ್ಳೆಯ ರಿಪೇರಿ ಎಂದರೆ ಕೈಗೆ ಮದ್ದು. ಗರಗಸದ ಶಬ್ದ 100 ಡೆಸಿಬೆಲ್ಲಿಗೂ ಮೀರುತ್ತದೆ. ಕಿವಿ ಮುಚ್ಚದೆ ವರ್ಷಗಟ್ಟಲೆ ದುಡಿದವನಿಗೆ ಮೊಮ್ಮಕ್ಕಳ ಹಾಡು ಕೇಳಿಸದು. ಕಾಲಿಗೆ ಹಾಕುವ ಕಾಪು ಪ್ಯಾಂಟಿನೊಳಗೆ ಉದ್ದ ನಾರುಗಳಿವೆ. ಸರಪಳಿ ತಾಗಿದರೆ ಅವು ಹೊರಬಂದು ಹಲ್ಲುಗಾಲಿಗೆ ಸುತ್ತಿಕೊಂಡು ಗರಗಸವನ್ನು ನಿಲ್ಲಿಸುತ್ತವೆ. ಟೋಪಿ, ಕಿವಿಗಾಪು, ಕಾಲುಗಾಪು ಇವು ಕೂಲಿಯಿಂದ ಕಳೆಯಬೇಕಾದ ಖರ್ಚಲ್ಲ, ಕೆಲಸ ಮಾಡಿಸುವವರು ಒದಗಿಸಬೇಕಾದವು. ಒಬ್ಬನೇ ಕೇಳಿದರೆ ಗದರಿಸುತ್ತಾರೆ, ಇಡೀ ಲೈನು ಸೇರಿ ಕೇಳೋಣ.

ಕೈಕೆಲಸವನ್ನು ನಮ್ಮ ಸಭೆಗಳು ಎಂದೂ ಕೀಳೆಂದು ಕಂಡಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ನೇಯ್ಗೆಯನ್ನು ಕಲಿಸಿದರು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅಲ್ಲಿ ಹಂಚಿನ ಕಾರ್ಖಾನೆ ತೆರೆದನು. ಅಪೊಸ್ತಲನಾದ ಪೌಲನು ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಮನೆಯಲ್ಲಿ ಗುಡಾರ ಹೊಲಿದು ಹೊಟ್ಟೆ ಹೊರೆದನು. ಅದೂ ಮನೆಯ ಕಾರ್ಯಾಗಾರವೇ. ನಮ್ಮ ಕರ್ತನು ನಜರೇತಿನಲ್ಲಿ ಬಡಗಿಯ ಮನೆಯಲ್ಲಿ ಬೆಳೆದನು. ಮರದ ಹೊಟ್ಟಿನ ವಾಸನೆಯನ್ನು ಆತನು ಬಲ್ಲನು.

ಆದುದರಿಂದ ನಮ್ಮ ವಿನಂತಿ ಇಷ್ಟು. ಪ್ರತಿ ಲೈನಿನಲ್ಲಿ ಇಬ್ಬರು ಯುವಕರಾದರೂ ಈ ಕೆಲಸವನ್ನು ಕ್ರಮವಾಗಿ ಕಲಿಯಲಿ. ಬಲ್ಲ ಹಿರಿಯರು ಮುಚ್ಚಿಡದೆ ಕಲಿಸಲಿ. ನಾಲ್ಕಾರು ಮನೆಯವರು ಸೇರಿ ಒಂದು ಇಕ್ಕಳ, ಸರಿಯಾದ ಅಳತೆಯ ಅರಗಳು, ಒಂದು ಅಳತೆಪಟ್ಟಿ, ಒಂದು ಕನ್ನಡಕ ಕೊಂಡಿಡಲಿ. ಮಾಡಿದ ಕೆಲಸಕ್ಕೆ ನ್ಯಾಯವಾದ ಕೂಲಿ ತೆಗೆದುಕೊಳ್ಳಲಿ. ಮತ್ತು ಬ್ರೇಕಿಲ್ಲದ ಗರಗಸವನ್ನು ಒಬ್ಬ ರಿಪೇರಿಯವನೂ ಮರಳಿ ಕೊಡದಿರಲಿ. ಒಬ್ಬನು ಮಾತ್ರ ಹೀಗೆ ಹೇಳಿದರೆ ಅವನ ಕೆಲಸ ಹೋಗಬಹುದು. ಎಲ್ಲರೂ ಹೇಳಿದರೆ ಬಿಡಿಭಾಗ ಬರುತ್ತದೆ. ಕೆಲಸ ನಿಂತ ದಿನದ ಕೂಲಿ ಕಳೆದುಕೊಂಡವನ ಮನೆಗೆ ಅಂದಿನ ಅಕ್ಕಿಯನ್ನು ನಾವೆಲ್ಲರೂ ಹಂಚಿಕೊಂಡು ಕೊಡೋಣ. ಅನ್ಯೋನ್ಯತೆ ಎಂಬ ಮಾತಿಗೆ ಇದಕ್ಕಿಂತ ಬೇರೆ ಅರ್ಥವನ್ನು ನಾವು ಕಾಣೆವು.

ಬೆಳಿಗ್ಗೆ ಗರಗಸ ಹೊತ್ತು ಹೋದವರು ಸಂಜೆ ಎರಡು ಕೈ, ಎರಡು ಕಾಲು, ಹತ್ತು ಬೆರಳುಗಳೊಡನೆ ಮನೆಗೆ ಬರುವಂತೆ ದೇವರು ಕಾಪಾಡಲಿ. ಆತನು ಕಾಪಾಡುವ ಕೆಲಸದಲ್ಲಿ ನಮ್ಮ ಕೈಗಳಿಗೂ ಪಾಲು ಕೊಟ್ಟಿದ್ದಾನೆ. ಆ ಪಾಲನ್ನು ನಾವು ನಂಬಿಗಸ್ತರಾಗಿ ಮಾಡೋಣ. ಆಮೆನ್.